ಹಲಸಿನ ದಿಮ್ಮಿ ತೋಟದಲ್ಲೇ ಸೀಳಬೇಕು, ಹುಡುಗರಿಗೆ ಆ ದುಬಾರಿ ಪ್ಯಾಂಟ್ ಬೇಕೇ ಬೇಕಾ?

ಗೆಲ್ಲು ಸವರುವವ (ಕಾರ್ಕಳ)
ಎಲ್ಲರಿಗೂ ನಮಸ್ಕಾರ. ಮರ ಕಡಿಯುವುದು, ಮನೆ ಮೇಲೆ ಬಾಗಿದ ಗೆಲ್ಲು ಸವರುವುದು ನನ್ನ ಕೆಲಸ. ಹನ್ನೊಂದು ವರ್ಷ ಆಯಿತು. ಜೊತೆಗೆ ಮೂವರು ಹುಡುಗರಿದ್ದಾರೆ. ಚೈನ್ ಸಾ ಮೆಶಿನ್ ಎರಡು ಉಂಟು, ಗೆಲ್ಲಿಗೆ ಸಣ್ಣದೊಂದು, ಬುಡಕ್ಕೆ 72 ಸಿಸಿಯದ್ದೊಂದು.

ವಿಷಯ ಎಂತ ಅಂದ್ರೆ, ಒಬ್ಬರ ಅಡಿಕೆ ತೋಟದ ನಡುವೆ ಹಳೆ ಹಲಸು ಗಾಳಿಗೆ ಬಿದ್ದಿದೆ. ಬುಡದ ಹತ್ತಿರ ಅಡ್ಡ ಎರಡು ಅಡಿ ಬರುತ್ತದೆ. ಮನೆಯವರಿಗೆ ದಾರಂದಕ್ಕೂ ಹಲಗೆಗೂ ಅದೇ ಮರ ಬೇಕಂತೆ, ಅವರ ಅಜ್ಜ ನೆಟ್ಟದ್ದು. ಆದರೆ ತೋಟಕ್ಕೆ ಹೋಗಲು ಇರುವುದು ತೋಡಿನ ಮೇಲೆ ಒಂದು ಸಂಕ ಮಾತ್ರ. ಲಾರಿ ಬಿಡಿ, ಪಿಕಪ್ ಸಹ ಹೋಗುವುದಿಲ್ಲ. ಅಲ್ಲೇ ಸೀಳಿ ಹಲಗೆ ಮಾಡಿ ತಲೆಹೊರೆಯಲ್ಲಿ ತರುವುದೇ ದಾರಿ. ವಿಡಿಯೋದಲ್ಲಿ ಅಲಾಸ್ಕನ್ ಮಿಲ್ ಅಂತ ನೋಡಿದೆ, ಚೈನ್ ಸಾಕ್ಕೆ ಫ್ರೇಮ್ ಕಟ್ಟಿ ಸೀಳುವುದು. ನನ್ನ 72 ಸಿಸಿಗೆ ಅದು ಆಗುತ್ತದಾ?

ಎರಡನೇ ಪ್ರಶ್ನೆ. ಹೋದ ತಿಂಗಳು ನಮ್ಮ ಒಬ್ಬ ಹುಡುಗನ ಲುಂಗಿ ಚೈನಿಗೆ ಸಿಕ್ಕಿತು. ಲುಂಗಿ ಹೋಯಿತು, ಮೊಣಕಾಲಿನ ಮೇಲೆ ಗೀರು ಬಿತ್ತು, ಅಷ್ಟೇ. ಅವತ್ತಿಂದ ನನಗೆ ಸರಿ ನಿದ್ದೆ ಇಲ್ಲ. ಆ ಕಟ್ ಆಗದ ಪ್ಯಾಂಟ್ ಕೇಳಿದರೆ ಅಂಗಡಿಯಲ್ಲಿ ಒಂದಕ್ಕೆ 11 ಸಾವಿರ ಹೇಳಿದರು. ನಾಲ್ಕು ಜನಕ್ಕೆ 44 ಸಾವಿರ. ಏಪ್ರಿಲ್ ಸೆಕೆಗೆ ಅದನ್ನು ಹಾಕಿಕೊಳ್ಳುವವರು ಯಾರು? ಮಿಲ್ಲಿಂಗ್ ಮಾಡುವಾಗ ಮಾತ್ರ ಹಾಕಿದರೆ ಸಾಕಾ?

ಪಡುಬಿದ್ರಿ ಗಾಳಿ
ಮೊದಲು ಹೇಳಿ, ಅರಣ್ಯ ಇಲಾಖೆಯಲ್ಲಿ ಕೇಳಿದ್ದೀರಾ?

ಗೆಲ್ಲು ಸವರುವವ (ಕಾರ್ಕಳ)
ಬಿದ್ದ ಮರ ಮಾರಾಯ್ರೆ, ಕಡಿದದ್ದಲ್ಲ.

ಪಡುಬಿದ್ರಿ ಗಾಳಿ
ಬಿದ್ದದ್ದಾದರೂ ಒಮ್ಮೆ ಕೇಳುವುದು ಒಳ್ಳೆಯದು. 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ತೆಂಗು, ರಬ್ಬರ್, ಗಾಳಿಮರ, ಸಿಲ್ವರ್ ಓಕ್ ಅಂಥದ್ದಕ್ಕೆ ವಿನಾಯಿತಿ ಉಂಟು. ಎಲ್ಲ ಮರಕ್ಕೂ ಇಲ್ಲ. ಅದಲ್ಲದೆ ಮರ ಸೀಳುವ ಮಿಲ್ಲುಗಳ ಮೇಲೆ 1996ರ ಸುಪ್ರೀಂ ಕೋರ್ಟ್ ಆದೇಶದ ನಂತರ ಬಿಗಿ ಜಾಸ್ತಿ. ನಿಮ್ಮ ಫ್ರೇಮನ್ನು ನೋಡಿ ಯಾರಾದರೂ ಅದೂ ಮಿಲ್ಲೇ ಅಂದರೆ? ರೇಂಜ್ ಆಫೀಸಿಗೆ ಹೋಗಿ ಒಂದು ಕಾಗದ ಬರೆದು ಕೊಟ್ಟು ಬನ್ನಿ. ಅರ್ಧ ದಿನದ ಕೆಲಸ.

ಮೂವತ್ತೈದು ವರ್ಷ
ನಾನು 35 ವರ್ಷ ಲುಂಗಿ ಎತ್ತಿ ಕಟ್ಟಿ ಕೆಲಸ ಮಾಡಿದ್ದೇನೆ. ಎರಡು ಕಾಲೂ ಉಂಟು. ಕೈ ಹಿಡಿತ ಸರಿ ಇದ್ದರೆ ಎಂತದೂ ಆಗುವುದಿಲ್ಲ. ಈಗಿನವರಿಗೆ ಸಾಮಾನು ಜಾಸ್ತಿ, ಕೆಲಸ ಕಡಿಮೆ.

ಹೆಬ್ರಿ ಹಗ್ಗ
ಹಿರಿಯರೆ, ನಿಮ್ಮ ಕಾಲು ಉಳಿದದ್ದು ಸಂತೋಷ. ಕಾಲು ಹೋದವರು ಇಲ್ಲಿ ಬಂದು ಬರೆಯುವುದಿಲ್ಲ ಅಲ್ವಾ.

ನಾನು ಆರು ವರ್ಷ ಐರ್ಲೆಂಡಿನಲ್ಲಿ ಮರದ ಕೆಲಸ ಮಾಡಿ ಊರಿಗೆ ಬಂದವನು. ಅಲ್ಲಿ ನನಗೆ ಪ್ಯಾಂಟ್ ಇಲ್ಲದೆ ಮೆಶಿನ್ ಸ್ಟಾರ್ಟ್ ಮಾಡಲೂ ಬಿಡುತ್ತಿರಲಿಲ್ಲ. ಮೊದಲು ಒಂದು ತಪ್ಪು ಸರಿ ಮಾಡುತ್ತೇನೆ, ಅದು "ಕಟ್ ಆಗದ" ಪ್ಯಾಂಟ್ ಅಲ್ಲ. ಕಟ್ ಆಗುತ್ತದೆ, ಆಗಲೇ ಬೇಕು. ಒಳಗೆ ಉದ್ದುದ್ದ ನಾರು ಪದರ ಪದರವಾಗಿ ಸಡಿಲ ಇರುತ್ತದೆ. ಚೈನ್ ಮೇಲಿನ ಬಟ್ಟೆ ಹರಿದ ಕೂಡಲೇ ಆ ನಾರು ಎಳೆದುಕೊಂಡು ಬಂದು ಚೈನ್ ತಿರುಗಿಸುವ ಹಲ್ಲಿನ ಚಕ್ರಕ್ಕೆ, ಅಂದರೆ ಸ್ಪ್ರಾಕೆಟಿಗೆ ಸುತ್ತುತ್ತದೆ. ಹುಲ್ಲು ಹೊಡೆಯುವ ಮೆಶಿನಿಗೆ ಬಳ್ಳಿ ಸುತ್ತಿ ನಿಲ್ಲುತ್ತದಲ್ಲ, ಹಾಗೆ. ಚೈನ್ ಅಲ್ಲೇ ಜಾಮ್.

ನನಗೆ ಒಮ್ಮೆ ಆಗಿದೆ. ಸಂಜೆ ನಾಲ್ಕೂವರೆ, ಕೊನೆಯ ಗೆಲ್ಲು, ಸುಸ್ತಾಗಿತ್ತು. ಕೊಯ್ದು ಮುಗಿದ ಮೇಲೆ ಮೆಶಿನ್ ಕೆಳಗೆ ಬಿಡುವಾಗ ಎಡ ತೊಡೆಗೆ ತಾಗಿತು. ಒಂದು ಪಟ್ ಅಂತ ಶಬ್ದ, ಎಂಜಿನ್ ಬಂದ್. ನೋಡಿದರೆ ತೊಡೆಯ ಮೇಲೆ ಬೂರುಗದ ಹತ್ತಿ ಒಡೆದ ಹಾಗೆ ಬಿಳಿ ಬಿಳಿ ನಾರು. ಚರ್ಮಕ್ಕೆ ಏನೂ ಇಲ್ಲ. ಸ್ಪ್ರಾಕೆಟ್ ಕವರ್ ಬಿಚ್ಚಿ ಚೂರಿಯಲ್ಲಿ ಆ ನಾರು ಕೆತ್ತಿ ತೆಗೆಯಲು ಅರ್ಧ ಗಂಟೆ ಹಿಡಿಯಿತು, ಕೈ ನಡುಗುತ್ತಿತ್ತು. ಪ್ಯಾಂಟ್ ಅವತ್ತೇ ಕಸಕ್ಕೆ. ಒಮ್ಮೆ ತಾಗಿದ್ದನ್ನು ಹೊಲಿದು ಮತ್ತೆ ಹಾಕಬಾರದು. ಹೊಲಿದರೆ ನಾರು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಎಳೆದುಕೊಂಡು ಬರುವುದಿಲ್ಲ.

ಸೆಕೆಗೆ ಉಪಾಯ ಉಂಟು. ಟೈಪ್ ಸಿ ಅಂದರೆ ಕಾಲಿನ ಸುತ್ತ ಪದರ, ಅದು ನಮ್ಮಲ್ಲಿ ಕಷ್ಟವೇ. ಟೈಪ್ ಎ ಅಂದರೆ ಮುಂದೆ ಮಾತ್ರ. ಅದಕ್ಕಿಂತಲೂ ಗಾಳಿ ಬೇಕಾದರೆ ಸೊಂಟಕ್ಕೆ ಬೆಲ್ಟು, ಹಿಂದೆ ಪಟ್ಟಿ ಕಟ್ಟುವ ಲೆಗ್ ಗಾರ್ಡ್ ಸಿಗುತ್ತದೆ. ಹಿಂದೆ ಪೂರ್ತಿ ಖಾಲಿ, ಕ್ರಯವೂ ಕಡಿಮೆ. ನೆಲದ ಮೇಲೆ ಕೆಲಸ ಮಾಡುವವನಿಗೆ ಸಾಕು. ಮರ ಹತ್ತುವವನಿಗೆ ಬೇಡ, ಪಟ್ಟಿ ಗೆಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಫಿಸಿಕ್ಸ್ ಮೇಷ್ಟ್ರು (ಮಣಿಪಾಲ)
ಕುತೂಹಲಕ್ಕೆ ಲೆಕ್ಕ ಹಾಕಿದೆ. 3/8 ಚೈನ್, 7 ಹಲ್ಲಿನ ಸ್ಪ್ರಾಕೆಟ್ ಅಂದರೆ ಒಂದು ಸುತ್ತಿಗೆ ಚೈನ್ ಸುಮಾರು 13 ಸೆಂಟಿಮೀಟರ್ ಓಡುತ್ತದೆ. ನಿಮಿಷಕ್ಕೆ 10,000 ಸುತ್ತು ಹಿಡಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 22 ಮೀಟರ್. ಕಣ್ಣು ಮಿಟುಕಿಸುವುದರೊಳಗೆ ಎರಡು ಮೀಟರಿಗಿಂತ ಜಾಸ್ತಿ ಚೈನ್ ಕಾಲಿನ ಮೇಲೆ ಹೋಗಿರುತ್ತದೆ. ಕೈ ಹಿಡಿತ ಅಂದ ಹಿರಿಯರಿಗೆ ಇದನ್ನು ಹೇಳೋಣ ಅನಿಸಿತು.

ಹೆಬ್ರಿ ಹಗ್ಗ
ಸರಿಯಾದ ಲೆಕ್ಕ ಸರ್. ಪ್ಯಾಂಟಿನ ಲೇಬಲಿನಲ್ಲಿಯೂ ಇದೇ ವೇಗ ಇರುವುದು. ಕ್ಲಾಸ್ 1 ಅಂದರೆ ಸೆಕೆಂಡಿಗೆ 20 ಮೀಟರ್, ಕ್ಲಾಸ್ 2 ಅಂದರೆ 24, ಕ್ಲಾಸ್ 3 ಅಂದರೆ 28. ಯುರೋಪಿನಲ್ಲಿ ಇದಕ್ಕೆ ಮೊದಲು ಇಎನ್ 381 ಅಂತ ಮಾನದಂಡ ಇತ್ತು, ಈಗ ಇಎನ್ ಐಎಸ್ಓ 11393. ಈ ನಂಬರು, ಮೆಶಿನ್ ಚಿತ್ರ ಇರುವ ಲೇಬಲ್ ಎರಡೂ ಇಲ್ಲದ್ದು ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ಸಿಕ್ಕಿದರೆ ಅದು ಬರೀ ದಪ್ಪ ಬಟ್ಟೆ.

ಕಾಪು ಕರಾವಳಿ
ಅಂದ್ರೆ 22 ಮೀಟರಿನ ಮೆಶಿನಿಗೆ ಕ್ಲಾಸ್ 1 ಹಾಕಿದರೆ ದಂಡ ಅಂತ ಆಯ್ತಲ್ಲ?

ಹೆಬ್ರಿ ಹಗ್ಗ
ದಂಡ ಅಲ್ಲ. ತಾಗುವ ಹೊತ್ತಿಗೆ ಹೆಚ್ಚಿನ ಸಲ ಆಕ್ಸಿಲರೇಟರ್ ಬಿಟ್ಟಿರುತ್ತೇವೆ, ವೇಗ ಇಳಿದಿರುತ್ತದೆ. ಪೂರ್ತಿ ತಡೆಯದಿದ್ದರೂ ಎಲುಬಿಗೆ ಹೋಗುವುದು ಮಾಂಸದಲ್ಲಿ ನಿಲ್ಲುತ್ತದೆ. ಗ್ಯಾರಂಟಿ ಅಂತೂ ಯಾವ ಕ್ಲಾಸಿನಲ್ಲಿಯೂ ಇಲ್ಲ. ಮತ್ತೊಂದು, ಈಗ ಬ್ಯಾಟರಿ ಮೆಶಿನ್ ಬಂದಿದೆಯಲ್ಲ, ಅದರ ಮೋಟಾರಿಗೆ ನಿಧಾನದಲ್ಲಿಯೂ ಎಳೆತ ಜಾಸ್ತಿ. ನಾರು ಸಿಕ್ಕಿದರೂ ಪೆಟ್ರೋಲ್ ಮೆಶಿನಿನಷ್ಟು ಸುಲಭದಲ್ಲಿ ನಿಲ್ಲುವುದಿಲ್ಲ. ಶಬ್ದ ಇಲ್ಲ ಅಂತ ಸಲಿಗೆ ಬೇಡ.

ಕಾಪು ಕರಾವಳಿ
ಎರಡು ಜೀನ್ಸ್ ಒಂದರ ಮೇಲೊಂದು ಹಾಕಿದರೆ?

ಹೆಬ್ರಿ ಹಗ್ಗ
ಎರಡೂ ಜೀನ್ಸ್ ಹರಿಯುತ್ತದೆ.

ಸಿಸ್ಟರ್ (ಉಡುಪಿ)
ನಾನು ನರ್ಸ್, ಎಮರ್ಜೆನ್ಸಿಯಲ್ಲಿ ಕೆಲಸ. ಊರು, ಆಸ್ಪತ್ರೆ ಬೇಡ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ, ನಮಗೆ ಇಂಥ ಕೇಸು ಬರುವ ಸಮಯ. ಎಲ್ಲರೂ ಮನೆ ಮೇಲಿನ ಗೆಲ್ಲು ತೆಗೆಸುವುದು ಆಗಲೇ. ಒಂದು ವಿಷಯ ಜನಕ್ಕೆ ಗೊತ್ತಿಲ್ಲ. ಕತ್ತಿ ತಾಗಿದರೆ ಎರಡು ಅಂಚು ಇರುತ್ತದೆ, ಸೇರಿಸಿ ಹೊಲಿಯಬಹುದು. ಚೈನ್ ಸಾ ಹಾಗಲ್ಲ, ಅದು ಮಾಂಸವನ್ನೇ ಹೆರೆದು ಹೊರಗೆ ಹಾಕಿರುತ್ತದೆ. ಹೊಲಿಯಲು ಅಂಚೇ ಇರುವುದಿಲ್ಲ. ಗಾಯದ ಒಳಗೆ ಮರದ ಹುಡಿ, ಚೈನ್ ಎಣ್ಣೆ, ಲುಂಗಿಯ ನೂಲು. ತೊಳೆದು ತೊಳೆದು ಸಾಕಾಗುತ್ತದೆ. ದಯವಿಟ್ಟು ನಿಮ್ಮ ಚೀಲದಲ್ಲಿ ದೊಡ್ಡ ಪ್ರೆಶರ್ ಬ್ಯಾಂಡೇಜ್ ಇಟ್ಟುಕೊಳ್ಳಿ. ತಾಗಿದ ಕೂಡಲೇ ಗಟ್ಟಿ ಒತ್ತಿ ಹಿಡಿಯಿರಿ. ಕಾಫಿ ಹುಡಿ ಹಾಕಿಕೊಂಡು ಬರಬೇಡಿ, ಕೈ ಮುಗಿಯುತ್ತೇನೆ.

ಮೂವತ್ತೈದು ವರ್ಷ
ಕಾಫಿ ಹುಡಿ ಹಾಕಿದರೆ ರಕ್ತ ನಿಲ್ಲುತ್ತದಲ್ಲ ಸಿಸ್ಟರ್?

ಸಿಸ್ಟರ್ (ಉಡುಪಿ)
ಒತ್ತಿದ್ದಕ್ಕೆ ನಿಲ್ಲುವುದು ಅಣ್ಣ, ಹುಡಿಗೆ ಅಲ್ಲ.

ದೋಣಿ ಆಚಾರ್ರು (ಕುಂದಾಪುರ ಕಡೆ)
ಎಲ್ಲರೂ ಪ್ಯಾಂಟಿನಲ್ಲೇ ನಿಂತಿರಿ. ಮಿಲ್ಲಿಂಗ್ ಬಗ್ಗೆ ನಾನು ಹೇಳುತ್ತೇನೆ, ಮೂರು ವರ್ಷದಿಂದ ಮಾಡುತ್ತಿದ್ದೇನೆ.

ನಿಮ್ಮ ಪ್ರಶ್ನೆಯೇ ತಿರುಗು ಮುರುಗ ಉಂಟು ಕಾರ್ಕಳದವರೆ. ಮಿಲ್ಲಿಂಗ್ ಮಾಡುವಾಗ ಬಾರಿನ, ಅಂದರೆ ಚೈನ್ ಓಡುವ ಉದ್ದ ಪಟ್ಟಿಯ, ಎರಡೂ ಕಡೆ ಫ್ರೇಮಿನ ಕ್ಲ್ಯಾಂಪ್ ಇರುತ್ತದೆ. ತುದಿ ಮುಚ್ಚಿರುತ್ತದೆ, ಚೈನ್ ಮರದ ಒಳಗೇ ಓಡುತ್ತದೆ. ಕಾಲಿಗೆ ತಾಗುವ ಸಂದರ್ಭ ಕಡಿಮೆ. ಕಾಲಿಗೆ ತಾಗುವುದು ಬಿದ್ದ ಮರದ ಗೆಲ್ಲು ಸವರುವಾಗ, ಅದು ನೀವು ದಿನಾ ಮಾಡುವ ಕೆಲಸ. ಹಾಗಾಗಿ ಮಿಲ್ಲಿಂಗಿಗೆ ಮಾತ್ರ ಪ್ಯಾಂಟ್ ಅಂದರೆ, ಮಳೆ ಬಿಟ್ಟ ಮೇಲೆ ಕೊಡೆ ಹಿಡಿದ ಹಾಗೆ. ಮಿಲ್ಲಿಂಗಿನಲ್ಲಿ ಹೋಗುವುದು ಕಿವಿ, ಶ್ವಾಸ, ಸೊಂಟ. ಒಂದು ಹಲಗೆಗೆ ಹತ್ತು ಹದಿನೈದು ನಿಮಿಷ ಫುಲ್ ಆಕ್ಸಿಲರೇಟರಿನಲ್ಲಿ ಬಗ್ಗಿ ನಿಂತಿರುತ್ತೀರಿ. ಸೈಲೆನ್ಸರ್ ನಿಮ್ಮ ಮುಖದ ಮಟ್ಟಕ್ಕೆ. ಶಬ್ದ ನೂರು ಡೆಸಿಬಲ್ಲಿಗಿಂತ ಮೇಲೆ.

72 ಸಿಸಿಗೆ ಎರಡು ಅಡಿ ಹಲಸು ಆಗುತ್ತದಾ ಅಂದರೆ, ಆಗುತ್ತದೆ ಆದರೆ ಅಳುತ್ತದೆ. 90 ಸಿಸಿ ಇದ್ದರೆ ನೆಮ್ಮದಿ. ನಿಮ್ಮದರಲ್ಲೇ ಮಾಡುವುದಾದರೆ ಮೊದಲು ದಿಮ್ಮಿಯ ಎರಡು ಬದಿ ಕೆತ್ತಿ ಅಗಲ ಕಡಿಮೆ ಮಾಡಿಕೊಳ್ಳಿ. ಚೈನ್ ಬದಲಿಸಲೇ ಬೇಕು. ಮಾಮೂಲಿ ಚೈನಿನ ಹಲ್ಲು 30 ಡಿಗ್ರಿ ಓರೆ ಇರುತ್ತದೆ, ಸೀಳಲು 10 ಡಿಗ್ರಿಯದ್ದು ಬೇಕು. ಹಳೆ ಚೈನನ್ನೇ ಅರದಲ್ಲಿ ತಿಕ್ಕಿ 10ಕ್ಕೆ ತರಬಹುದು, ನಾನು ಹಾಗೇ ಮಾಡುವುದು. ಮೊದಲ ಕಟ್ ಮುಖ್ಯ. ಅದಕ್ಕೆ ಮರ ಚಪ್ಪಟೆ ಇರುವುದಿಲ್ಲ, ಹಾಗಾಗಿ ಅಲ್ಯೂಮಿನಿಯಂ ಏಣಿಯನ್ನು ದಿಮ್ಮಿಯ ಮೇಲೆ ಸ್ಕ್ರೂ ಹಾಕಿ ಕೂರಿಸಿ ಅದರ ಮೇಲೆ ಫ್ರೇಮ್ ಜಾರಿಸಬೇಕು. ಏಣಿ ಓರೆ ಆದರೆ ಎಲ್ಲ ಹಲಗೆಯೂ ಓರೆ. ನನ್ನ ಮೊದಲ ದಿಮ್ಮಿಯ ಹಲಗೆ ಒಂದು ಕಡೆ ಒಂದೂವರೆ ಇಂಚು, ಇನ್ನೊಂದು ಕಡೆ ಮುಕ್ಕಾಲು. ಅದು ಈಗ ನಮ್ಮ ಕೊಟ್ಟಿಗೆಯ ಬಾಗಿಲು.

ಇನ್ನು ನಷ್ಟ. ಬ್ಯಾಂಡ್ ಸಾ ಮಿಲ್ಲಿನಲ್ಲಿ ಬ್ಲೇಡಿಗೆ ಎರಡು ಮೂರು ಮಿಲ್ಲಿಮೀಟರ್ ಮರ ಹೋಗುತ್ತದೆ. ಇಲ್ಲಿ ಎಂಟು ಒಂಬತ್ತು. ಎಂಟು ಹಲಗೆಗೆ ಏಳು ಕಟ್, ಎರಡೂವರೆ ಇಂಚು ಹುಡಿಯಾಗಿ ಹೋಯಿತು. ದನಿಗಳಿಗೆ (ಮರದ ಯಜಮಾನರಿಗೆ) ಮೊದಲೇ ಹೇಳಿ, ಇಲ್ಲದಿದ್ದರೆ ಹುಡಿ ರಾಶಿ ನೋಡಿ ಅವರ ಮುಖ ಹುಳಿಯಾಗುತ್ತದೆ.

ಫಿಸಿಕ್ಸ್ ಮೇಷ್ಟ್ರು (ಮಣಿಪಾಲ)
ಆದರೂ ಲಾಭವೇ. ಎರಡು ಅಡಿ ಅಡ್ಡ, ಎಂಟು ಅಡಿ ಉದ್ದ ಅಂದರೆ 25 ಘನ ಅಡಿ. ಹಸಿ ಮರ ಘನ ಅಡಿಗೆ 25 ಕಿಲೋ ಅಂತ ಹಿಡಿದರೂ 600 ಕಿಲೋ ದಾಟುತ್ತದೆ. ಅದನ್ನು ಆ ಸಂಕದ ಮೇಲೆ ದಾಟಿಸಲಿಕ್ಕುಂಟಾ?

ಪಡುಬಿದ್ರಿ ಗಾಳಿ
ಸಂಕವೇ ತೋಡಿಗೆ ಬೀಳುತ್ತದೆ.

ಕಾಪು ಕರಾವಳಿ
ಹೊಗೆಗೆ ಎನ್95 ಮಾಸ್ಕ್ ಹಾಕಿದರೆ ಆಯಿತಲ್ಲ. ಕೊರೊನಾ ಕಾಲದ್ದು ಮನೆಯಲ್ಲಿ ಒಂದು ಪೆಟ್ಟಿಗೆ ಉಂಟು.

ಸಿಸ್ಟರ್ (ಉಡುಪಿ)
ಹುಡಿಗೆ ಆಗುತ್ತದೆ, ಹಾಕಿ. ಮರದ ಹುಡಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಉಂಟು. ಆದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆ ಮಾಸ್ಕಿನಲ್ಲಿ ಸಲೀಸಾಗಿ ಒಳಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ ಬಂದರೆ ಬಿಸಿಲಿಗೆ ಅಂತ ಬೊಂಡ ಕುಡಿದು ಮತ್ತೆ ಶುರು ಮಾಡಬೇಡಿ. ಮೆಶಿನ್ ಬಂದ್ ಮಾಡಿ ದೂರ ಹೋಗಿ ಕುಳಿತುಕೊಳ್ಳಿ.

ದೋಣಿ ಆಚಾರ್ರು (ಕುಂದಾಪುರ ಕಡೆ)
ಸಿಸ್ಟರ್ ಹೇಳಿದ್ದು ನನಗೆ ಆದದ್ದೇ. ಎರಡನೇ ದಿನ ಮಧ್ಯಾಹ್ನ ತಲೆ ಸಿಡಿಯುತ್ತಿತ್ತು, ಬಿಸಿಲು ಅಂತಲೇ ತಿಳಿದೆ. ಅಡಿಕೆ ತೋಟದ ಒಳಗೆ ಗಾಳಿ ಆಡುವುದಿಲ್ಲ ನೋಡಿ. ಈಗ ಬೆನ್ನ ಹಿಂದಿನಿಂದ ಗಾಳಿ ಬರುವ ಹಾಗೆ ದಿಮ್ಮಿ ತಿರುಗಿಸಿಕೊಳ್ಳುತ್ತೇನೆ. ಒಂದು ಹಲಗೆ ಆದ ಮೇಲೆ ಹತ್ತು ನಿಮಿಷ ಬಿಡುವು. ಮೆಶಿನಿಗೂ ಅದು ಬೇಕು.

ಬಜ್ಪೆ ಮೆಕ್ಯಾನಿಕ್
ಮೆಶಿನ್ ವಿಷಯ ಬಂತು, ಎರಡು ಮಾತು. ಮಿಲ್ಲಿಂಗಿಗೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಲೀಟರಿಗೆ 20 ಎಂಎಲ್ಲಿಗಿಂತ ಒಂದು ಹನಿಯೂ ಕಡಿಮೆ ಬೇಡ, ಅಳೆದು ಹಾಕಿ, ಅಂದಾಜಿಗೆ ಹಾಕಬೇಡಿ. ಏರ್ ಫಿಲ್ಟರ್ ಪ್ರತಿ ಟ್ಯಾಂಕಿಗೂ ಕೊಡವಿ. ಈಗ ಬರುವ ಇ20 ಪೆಟ್ರೋಲಿನಲ್ಲಿ ಎಥನಾಲ್ ಉಂಟು, ಅದು ನೀರು ಹೀರುತ್ತದೆ, ನಮ್ಮ ಊರಿನ ಮಳೆಗಾಲದ ಗಾಳಿಗೆ ಕೇಳುವುದೇ ಬೇಡ. ಜೂನಿನಲ್ಲಿ ಕೆಲಸ ನಿಂತಾಗ ಟ್ಯಾಂಕ್ ಖಾಲಿ ಮಾಡದೆ ಮೂಲೆಗೆ ಇಡುತ್ತಾರೆ, ಸೆಪ್ಟೆಂಬರಿನಲ್ಲಿ ಕಾರ್ಬೊರೇಟರ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ನನಗೆ ಒಳ್ಳೆಯದೇ ಬಿಡಿ.

ಹಲಸಿನ ಮೇಣ ಚೈನಿಗೆ ಹಿಡಿದರೆ ಸೀಮೆಎಣ್ಣೆಯಲ್ಲಿ ನೆನೆಸಿಡಿ.

ಗರಗಸದ ಮೊಮ್ಮಗ
ಇದೆಲ್ಲ ಓದುವಾಗ ನನ್ನ ಅಜ್ಜನ ನೆನಪು. ಅವರದ್ದು ದೊಡ್ಡ ಗರಗಸ, ಇಬ್ಬರು ಎಳೆಯುವುದು. ಮರ ಬಿದ್ದಲ್ಲೇ ಹೊಂಡ ತೋಡಿ ಅಡ್ಡಕ್ಕೆ ದಿಮ್ಮಿ ಇಟ್ಟು ಮೇಲೊಬ್ಬ ಕೆಳಗೊಬ್ಬ. ಅಜ್ಜ ಯಾವಾಗಲೂ ಕೆಳಗಿನವ. ಹುಡಿ ಎಲ್ಲ ಅವರ ತಲೆ ಮೇಲೆ. ಅವರು ಅಡಿಕೆ ಹಾಳೆಯ ಮುಟ್ಟಾಳೆಯನ್ನು ಹುಬ್ಬಿನ ತನಕ ಎಳೆದು, ಕಣ್ಣು ಅರ್ಧ ಮುಚ್ಚಿ, ಮೇಲೆ ನೋಡದೆ ಎಳೆಯುತ್ತಿದ್ದರು. ಗೆರೆ ನೋಡುವುದು ಮೇಲಿನವನ ಕೆಲಸ. ಸಂಜೆ ಮುಟ್ಟಾಳೆ ಕೊಡವಿದರೆ ಒಂದು ಸೇರು ಹಳದಿ ಹುಡಿ. ಅದೂ ಸೇಫ್ಟಿ ಗೇರೇ ಅಲ್ವಾ? ಬಿದ್ದಲ್ಲೇ ಮರ ಸೀಳುವುದು ಅಲಾಸ್ಕಾದವರು ಕಂಡುಹಿಡಿದದ್ದಲ್ಲ ಅಂತ ಹೇಳಲಿಕ್ಕೆ ಬರೆದೆ.

ಮೂವತ್ತೈದು ವರ್ಷ
ಭೇಷ್. ನಾನೂ ಎಳೆದಿದ್ದೇನೆ ಆ ಗರಗಸ, ಮೇಲಿನವನಾಗಿ. ಕೆಳಗಿನವನಿಗೆ ಕೂಲಿ ಅಷ್ಟೇ, ಬೈಗುಳ ಜಾಸ್ತಿ.

ಚೆಂಡೆ ಪೆಟ್ಟು
ಮಧ್ಯೆ ಬಾಯಿ ಹಾಕುತ್ತೇನೆ ಕ್ಷಮಿಸಿ. ಹಲಸು ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಚೆಂಡೆ, ಮದ್ದಳೆಯ ಕಳಸಿಗೆ, ಅಂದರೆ ಮರದ ಒಡಲಿಗೆ, ಹಳೆ ಹಲಸು ಸಿಗುವುದೇ ಇಲ್ಲ ಈಗ. ಎಲ್ಲವನ್ನೂ ಸೀಳಬೇಡಿ. ಗಂಟಿಲ್ಲದ ಎರಡು ಅಡಿಯ ಒಂದು ಉರುಟು ತುಂಡು ಇಡಲಿಕ್ಕೆ ಆಗುತ್ತದಾ? ಕ್ರಯ ಕೊಡುತ್ತೇನೆ.

ಗೆಲ್ಲು ಸವರುವವ (ಕಾರ್ಕಳ)
ದನಿಗಳ ಹತ್ತಿರ ಕೇಳಿ ಹೇಳುತ್ತೇನೆ. ಎಲ್ಲರಿಗೂ ಉಪಕಾರ, ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಆದರೆ ದುಡ್ಡಿನ ಪ್ರಶ್ನೆ ಹಾಗೇ ಉಳಿಯಿತು. ಹೆಲ್ಮೆಟ್, ಇಯರ್ ಮಫ್, ಬೂಟ್, ಲೆಗ್ ಗಾರ್ಡ್ ಎಲ್ಲ ಸೇರಿಸಿದರೆ ತಲೆಗೆ ಹತ್ತು ಸಾವಿರದ ಹತ್ತಿರ. ಪಕ್ಕದ ಊರಿನವ ಲುಂಗಿಯಲ್ಲಿ ಬಂದು ನನಗಿಂತ ಸಾವಿರ ಕಡಿಮೆಗೆ ಕಡಿಯುತ್ತಾನೆ. ಕೆಲಸ ಅವನಿಗೆ ಹೋಗುತ್ತದೆ.

ಹೆಬ್ರಿ ಹಗ್ಗ
ಇದೇ ನಿಜವಾದ ಪ್ರಶ್ನೆ, ನೀವು ಕೊನೆಗೆ ಕೇಳಿದಿರಿ. ನೀವು ಪೆಟ್ರೋಲ್ ಖರ್ಚನ್ನು ರೇಟಿನಲ್ಲಿ ಸೇರಿಸುತ್ತೀರಿ, ಚೈನ್ ಸವೆದದ್ದನ್ನು ಸೇರಿಸುತ್ತೀರಿ. ಕಾಲನ್ನು ಯಾಕೆ ಸೇರಿಸುವುದಿಲ್ಲ? ಲೆಗ್ ಗಾರ್ಡ್, ಹೆಲ್ಮೆಟ್ ಎಲ್ಲ ಮೂರು ವರ್ಷ ಬಂತು ಅಂತ ಹಿಡಿಯಿರಿ. ತಲೆಗೆ ಹತ್ತು ಸಾವಿರ, ವರ್ಷಕ್ಕೆ 200 ದಿನ ಕೆಲಸ. ದಿನಕ್ಕೆ ಒಬ್ಬನಿಗೆ 17 ರೂಪಾಯಿ. ಒಂದು ಚಾ, ಒಂದು ಗೋಳಿಬಜೆ. ಅಷ್ಟು ಹೆಚ್ಚು ಕೇಳಿದರೆ ಕೆಲಸ ಹೋಗುತ್ತದಾ?

ಗೆಲ್ಲು ಸವರುವವ (ಕಾರ್ಕಳ)
ದಿನಕ್ಕೆ 17 ಅಂತ ನಾನು ಯೋಚಿಸಿರಲಿಲ್ಲ. ಆದರೆ ಅಂಗಡಿಯವನಿಗೆ ದಿನಕ್ಕೆ 17 ಕೊಡಲಿಕ್ಕಾಗುವುದಿಲ್ಲ ಅಲ್ವಾ ಅಣ್ಣ, ಒಟ್ಟಿಗೇ ಕೊಡಬೇಕು.

ಬಜ್ಪೆ ಮೆಕ್ಯಾನಿಕ್
ಇದು ಮಾತು. ಲೆಕ್ಕ ಹಾಕುವವರಿಗೆ ಇದು ತಲೆಗೆ ಹೋಗುವುದಿಲ್ಲ.

ಕರಂಗಲ್ಪಾಡಿ ಮನೆಯವಳು
ಕೆಲಸ ಕೊಡುವವರ ಕಡೆಯಿಂದ ಹೇಳುತ್ತೇನೆ. ಹೋದ ವರ್ಷ ನಮ್ಮ ಮಾವಿನ ಗೆಲ್ಲು ತೆಗೆಸಿದೆವು. ಕಡಿಮೆ ಹೇಳಿದವನನ್ನೇ ಕರೆದದ್ದು, ಸುಳ್ಳು ಹೇಳುವುದಿಲ್ಲ. ಅವನು ಹವಾಯಿ ಚಪ್ಪಲಿಯಲ್ಲಿ ಹೆಂಚಿನ ಮೇಲೆ ನಿಂತು ಮೆಶಿನ್ ಸ್ಟಾರ್ಟ್ ಮಾಡಿದ. ನನ್ನ ಅತ್ತೆ ಒಳಗೆ ಹೋಗಿ ದೇವರ ದೀಪ ಹಚ್ಚಿ ಕುಳಿತರು, ಕೆಲಸ ಮುಗಿಯುವ ತನಕ ಹೊರಗೆ ಬರಲಿಲ್ಲ. ನಮ್ಮ ಅಂಗಳದಲ್ಲಿ ಅವನಿಗೆ ಏನಾದರೂ ಆಗಿದ್ದರೆ? ಈ ಸಲ ಹೆಲ್ಮೆಟ್ ಹಾಕಿ ಬರುವವರಿಗೆ ಸಾವಿರ ಜಾಸ್ತಿ ಕೊಡಲು ನಾವು ತಯಾರಿದ್ದೇವೆ. ಆದರೆ ಯಾರೂ ಹಾಗೆ ಹೇಳುವುದೇ ಇಲ್ಲ. ಎಲ್ಲರೂ ಬರೀ ರೇಟ್ ಹೇಳುತ್ತಾರೆ.

ಹೆಬ್ರಿ ಹಗ್ಗ
ಕೇಳಿದಿರಾ ಕಾರ್ಕಳದವರೆ? ಒಟ್ಟಿಗೆ ದುಡ್ಡಿಲ್ಲದಿದ್ದರೆ ನಾಲ್ಕೂ ಸೆಟ್ ಒಟ್ಟಿಗೆ ಬೇಡ. ಮೆಶಿನ್ ಎರಡೇ ಅಲ್ವಾ? ಎರಡು ಲೆಗ್ ಗಾರ್ಡ್ ತೆಗೆದುಕೊಳ್ಳಿ, ಮೆಶಿನ್ ಹಿಡಿದವನು ಕಟ್ಟಿಕೊಳ್ಳಲಿ. ಹೆಲ್ಮೆಟ್ ಮಾತ್ರ ನಾಲ್ಕು ಜನಕ್ಕೂ ಬೇಕು, ಕೆಳಗೆ ಗೆಲ್ಲು ಎಳೆಯುವವನ ತಲೆ ಮೇಲೆಯೇ ಬೀಳುವುದು. ಐಎಸ್ 2925 ಮಾರ್ಕ್ ಇರುವುದು ನೋಡಿ. ಬೈಕಿನ ಹೆಲ್ಮೆಟ್ ಬೇಡ, ಕಿವಿ ಮುಚ್ಚಿ ಕೂಗಿದ್ದು ಕೇಳುವುದಿಲ್ಲ, ಸೆಕೆಗೆ ಅರ್ಧ ಗಂಟೆಯಲ್ಲಿ ತೆಗೆದು ಬದಿಗೆ ಇಡುತ್ತಾರೆ.

ದೋಣಿ ಆಚಾರ್ರು (ಕುಂದಾಪುರ ಕಡೆ)
ಒಂದು ಮರೆತೆ. ಮನೆ ಹತ್ತಿರದ ಮರ ಆದರೆ ಮೊಳೆ ಇರುತ್ತದೆ, ಬಟ್ಟೆ ಒಣಗಿಸುವ ಬಳ್ಳಿಗೆ ಹೊಡೆದದ್ದು. ವರ್ಷಗಟ್ಟಲೆ ಆಗಿ ಒಳಗೇ ಹುದುಗಿರುತ್ತದೆ. ಕೊಯ್ಯುವಾಗ ಮರ ಇದ್ದಕ್ಕಿದ್ದ ಹಾಗೆ ಕಪ್ಪು ನೀಲಿ ಬಣ್ಣ ತೋರಿಸಿದರೆ ನಿಲ್ಲಿಸಿ, ಹತ್ತಿರ ಕಬ್ಬಿಣ ಉಂಟು. ಸೀಳಿದ ದಿನವೇ ಹಲಗೆಯ ಎರಡು ತುದಿಗೆ ಹಳೆ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ತುದಿಯಿಂದ ಸೀಳು ಬಿಡುತ್ತದೆ. ನಡುವೆ ರೀಪಿನ ತುಂಡು ಇಟ್ಟು ನೆರಳಿನಲ್ಲಿ ಅಟ್ಟಿ ಹಾಕಿ. ಇಂಚು ದಪ್ಪಕ್ಕೆ ಒಂದು ವರ್ಷ. ದಾರಂದದ ತುಂಡಿಗೆ ಇನ್ನೂ ಜಾಸ್ತಿ. ಬರುವ ತಿಂಗಳು ಗೃಹಪ್ರವೇಶ ಅಂದರೆ ಈ ಮರ ಆಗುವುದಿಲ್ಲ ಅಂತ ಈಗಲೇ ಹೇಳಿಬಿಡಿ.

ಗೆಲ್ಲು ಸವರುವವ (ಕಾರ್ಕಳ)
ಮೂರು ವಾರ ಆಯಿತು, ಬರೆಯಲಿಕ್ಕೆ ಆಗಲಿಲ್ಲ. ರೇಂಜ್ ಆಫೀಸಿನಲ್ಲಿ ಕಾಗದ ಕೊಟ್ಟು, ಅವರು ಬಂದು ಮರ ನೋಡಿ ಹೋದ ಮೇಲೆ ಕೆಲಸ ಹಿಡಿದದ್ದು. ಲೆಗ್ ಗಾರ್ಡ್ ಎರಡು ತಂದೆ, ಹೆಲ್ಮೆಟ್ ನಾಲ್ಕು. ಫ್ರೇಮ್ ನಮ್ಮ ಊರಿನ ವೆಲ್ಡಿಂಗಿನವನೇ ಮಾಡಿಕೊಟ್ಟ. ಐದು ಹಲಗೆ, ದಾರಂದಕ್ಕೆ ನಾಲ್ಕು ತುಂಡು ಬಂತು. ಮೊದಲ ಹಲಗೆ ಓರೆ, ಆಚಾರ್ರು ಹೇಳಿದ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ ಆಯಿತು, ಬಂದ್ ಮಾಡಿ ತೋಡಿನ ಬದಿಯಲ್ಲಿ ಮುಕ್ಕಾಲು ಗಂಟೆ ಕುಳಿತೆವು. ಹುಡುಗರು ಮೊದಲ ದಿನ ಲೆಗ್ ಗಾರ್ಡ್ ನೋಡಿ ಯಕ್ಷಗಾನದ ವೇಷ ಅಂತ ನಗಾಡಿದರು. ಲುಂಗಿ ಹರಿದವನು ಮಾತ್ರ ನಗಲಿಲ್ಲ, ಈಗ ಊಟಕ್ಕೆ ಕುಳಿತಾಗಲೂ ಬಿಚ್ಚುವುದಿಲ್ಲ.

ಮೂವತ್ತೈದು ವರ್ಷ
ಆ ಲೆಗ್ ಗಾರ್ಡ್ ಎಲ್ಲಿ ಸಿಕ್ಕಿತು? ನನಗಲ್ಲ, ಮಗನಿಗೆ.

ಚೆಂಡೆ ಪೆಟ್ಟು
ನನ್ನ ತುಂಡು?

ಗೆಲ್ಲು ಸವರುವವ (ಕಾರ್ಕಳ)
ಹಿರಿಯರೆ, ಅಂಗಡಿ ಹೆಸರು ನಿಮಗೆ ಮೆಸೇಜ್ ಮಾಡುತ್ತೇನೆ. ಚೆಂಡೆಯವರೆ, ಎರಡೂಕಾಲು ಅಡಿಯದ್ದು ಇಟ್ಟಿದ್ದೇನೆ, ತುದಿಗೆ ಪೇಂಟ್ ಬಳಿದಾಗಿದೆ. ದನಿಗಳು ಕ್ರಯ ಬೇಡ ಅಂದಿದ್ದಾರೆ, ಆದರೆ ಸಂಕ ದಾಟಿಸುವುದು ನಿಮ್ಮ ಕೆಲಸ. ಆದಿತ್ಯವಾರ ಇಬ್ಬರು ಬನ್ನಿ.